ಎಡೆಯ ಮುಂದೆ ಹಚ್ಚಿಟ್ಟ ಟಿವಿ

ಬ್ರಿಟಿಷರ ಟಿವಿ ಕಾಮಿಡಿ ಎಂದರೆ ನನಗೆ ಪ್ರಾಣ. ಹಾಗೆ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಬಿಳಿಗೆರೆಯ ತೆಂಗಿನ ತೋಟದವಳಿಗೆ ಇಂಗ್ಲೆಂಡಿನವರ ನಗು ಯಾತಕ್ಕೆ ಎಂದು ಕೇಳಿದವರು ಎಷ್ಟೋ ಮಂದಿ. ಕೇಳಿದವರೆಲ್ಲ ದಿನಾ ಸಂಜೆ ಸೊಸೆಯ ಹಾಲಿಗೆ ವಿಷ ಬೆರೆಸುವ ಅತ್ತೆಯರ ಧಾರಾವಾಹಿ ನೋಡಿ ಮೂಗು ಒರೆಸಿಕೊಳ್ಳುವವರೇ. ಅವರಿಗೆ ಅಳುವ ಹಕ್ಕಿದ್ದರೆ ನನಗೆ ನಗುವ ಹಕ್ಕೂ ಇದೆ.

ಈ ಹುಚ್ಚು ನನಗೊಬ್ಬಳಿಗೇ ಹಿಡಿದದ್ದಲ್ಲ, ನಮ್ಮ ಯಜಮಾನರಿಗೂ ಹಿಡಿದಿತ್ತು. ಎಷ್ಟೋ ವರ್ಷದ ಹಿಂದೆ ಕೇಬಲ್‌ನವನು ನಮಗೆ ಬೇಕಾದ ಚಾನೆಲ್ ಬಿಟ್ಟು ಬೇರೆ ಯಾವುದನ್ನೋ ಕೊಟ್ಟು ಹೋದ. ಅವನಿಗೆ ಫೋನ್ ಮಾಡಿ ಬೈಯಬೇಕು ಎಂದುಕೊಳ್ಳುತ್ತಲೇ ಇಬ್ಬರೂ ಅದರ ಮುಂದೆ ಕೂತೆವು. ಒಂದು ಸಣ್ಣ ಊರಿನ ಅಂಚೆ ಕಚೇರಿ, ಅಲ್ಲೊಬ್ಬ ಬಡಕಲು ಪೋಸ್ಟ್‌ಮಾಸ್ಟರ್. ತಾನು ಮಾಡಿದ ಒಂದು ಸಣ್ಣ ತಪ್ಪು ಮುಚ್ಚಿಡಲು ಹತ್ತು ಸುಳ್ಳು ಹೇಳುತ್ತಾನೆ, ಮುಖದಲ್ಲಿ ಒಂದು ನರವೂ ಅಲ್ಲಾಡುವುದಿಲ್ಲ. ನಾನು ಪಿಯುಸಿ ಓದಿದವಳು. ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಿ ಯಜಮಾನರಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಧ ಹೇಳುವಷ್ಟರಲ್ಲಿ ಅವರು ನಕ್ಕೇ ಬಿಟ್ಟಿರುತ್ತಿದ್ದರು.

"ಮಾತು ಯಾರಿಗೆ ಬೇಕು ಬುಡು, ಅವನ ಮುಖ ನೋಡೇ! ನಮ್ಮಣ್ಣ ಮದುವೆ ಮನೇಲಿ ಒಬ್ಬಟ್ಟು ಸಾಲದೇ ಹೋದಾಗ ಹಿಂಗೇ ನಿಂತಿದ್ದ ಕಣೇ."

ಅದು ನಿಜವೇ. ಆ ಜನರ ತಮಾಷೆಯೆಲ್ಲ ಮರ್ಯಾದೆ ಉಳಿಸಿಕೊಳ್ಳಲು ಒದ್ದಾಡುವವರ ತಮಾಷೆ. ಮರ್ಯಾದೆ ವಿಷಯದಲ್ಲಿ ಬಿಳಿಗೆರೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮುಂದೆ ಮನೆಗೆ ಇಂಟರ್ನೆಟ್ ಇರುವ ಟಿವಿ ಬಂತು. ಆ ಬಡಕಲು ನಟ ಇನ್ನು ಯಾವ್ಯಾವುದರಲ್ಲಿ ಇದ್ದಾನೆಂದು ಹುಡುಕಿ ಹುಡುಕಿ ನೋಡಿದೆವು. ಒಂದರಲ್ಲಿ ಅವನು ತೀರಾ ಮುದುಕನಾಗಿ, ಕೋಲೂರಿಕೊಂಡು ಬಂದ. ಆವತ್ತು ನಮ್ಮವರಿಗೆ ಊಟ ಸೇರಲಿಲ್ಲ.

ಕೊಬ್ಬರಿ ಕೆಲಸವೂ ಟಿವಿ ಮುಂದೆಯೇ ನಡೆಯುತ್ತಿತ್ತು. ನಮ್ಮ ಕಡೆ ಕಾಯನ್ನು ಅಟ್ಟಕ್ಕೆ ಹಾಕಿದರೆ ಸುಮಾರು ಒಂದು ವರ್ಷ ಮುಟ್ಟುವಂತಿಲ್ಲ. ಒಳಗಿನ ನೀರೆಲ್ಲ ಇಂಗಿ, ಅಲುಗಿಸಿದರೆ ಕೊಬ್ಬರಿ ಗುಡುಗುಡು ಅನ್ನಬೇಕು. ಆಮೇಲೆ ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುವುದು. ಗೋಣಿಚೀಲ ಹಾಸಿಕೊಂಡು ಇಬ್ಬರೂ ಟಿವಿಗೆ ಮುಖ ಮಾಡಿ ಕೂರುತ್ತಿದ್ದೆವು. ಒಂದು ದಿನ ನಗುವ ಭರದಲ್ಲಿ ಇವರು ಅಲುಗಿಸಿ ನೋಡದೆ ಕಾಯಿಗೆ ಏಟು ಹಾಕಿದರು. ಅದು ಇನ್ನೂ ಒಣಗಿರಲಿಲ್ಲ, ಹಳಸಿದ ನೀರೆಲ್ಲ ಪಂಚೆಯ ಮೇಲೆ. ನಲವತ್ತು ವರ್ಷ ಕೊಬ್ಬರಿ ಮಾಡಿದ ಮನುಷ್ಯ! ನಾತ ಹೊಡೆಯುವ ಪಂಚೆಯಲ್ಲೇ ಕೂತು ಪೂರ್ತಿ ನೋಡಿದರೇ ಹೊರತು ಏಳಲಿಲ್ಲ.

ಅಂಥವರು ಹೋದ ಮಾಗಿಯಲ್ಲಿ ತೋಟದಿಂದ ಬಂದು, ಎದೆ ಹಿಡಿದುಕೊಂಡು ಜಗುಲಿ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಸಂಜೆಯೇ ನಮ್ಮ ಭಾವ, ಅಂದರೆ ಅವರ ಅಣ್ಣ, ಟಿವಿಗೆ ಬೆಡ್‌ಶೀಟ್ ಹೊದಿಸಿದರು. ತಿಥಿವರೆಗೆ ಅಂತ ನಾನು ಸುಮ್ಮನಿದ್ದೆ. ಮಾರನೇ ದಿನ ಮಾತು ಬೆಳೆಯಿತು. "ನೋಡವ್ವ, ವರ್ಷ ತುಂಬೋವರ್ಗೂ ಈ ಮನೇಲಿ ಆ ನಗೋ ಪ್ರೋಗ್ರಾಮು ಬ್ಯಾಡ. ಊರೋರು ಏನಂದಾರು? ಕಾಯಿನೇ ಅಟ್ಟದಲ್ಲಿ ಒಂದು ವರ್ಷ ಸುಮ್ನೆ ಕೂರ್ತದೆ, ನಿಂಗೆ ಕೂರಕ್ಕಾಗಲ್ವಾ?"

"ನಾನೇನು ಕಾಯಿನಾ ಭಾವ?" ಎಂದೆ. ಶೆಟ್ಟಿಕೆರೆಯಿಂದ ಬಂದಿದ್ದ ಅತ್ತಿಗೆ, ಯಜಮಾನರ ಅಕ್ಕ, ಹಣೆ ಚಚ್ಚಿಕೊಂಡರು. "ಗಂಡ ಸತ್ತು ಎರಡು ದಿನ ಆಗಿಲ್ಲ, ಇವಳ ಬಾಯಿ ನೋಡ್ರಪ್ಪಾ!"

ನನಗೆ ಮೈಯೆಲ್ಲ ಉರಿದುಹೋಯಿತು. ಅಳು ಬರುತ್ತಿರಲಿಲ್ಲವೇ? ಬರುತ್ತಿತ್ತು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಆದರೆ ಆ ಮನುಷ್ಯನ ಜೊತೆ ನಾನು ಮಾಡಿದ್ದ ಸಂಸಾರದಲ್ಲಿ ಜಗಳ ಇತ್ತು, ದುಡಿಮೆ ಇತ್ತು, ಸಂಜೆಯ ಆ ನಗು ಇತ್ತು. ಜಗಳ, ದುಡಿಮೆ ಎಲ್ಲರ ಮನೆಯಲ್ಲೂ ಇರುತ್ತದೆ. ಆ ನಗು ಮಾತ್ರ ನಮ್ಮಿಬ್ಬರದೇ. ಅದನ್ನೂ ಕಿತ್ತುಕೊಂಡರೆ ಅವರದ್ದು ಅಂತ ನನಗೆ ಏನು ಉಳಿಯುತ್ತಿತ್ತು?

ಹನ್ನೊಂದನೇ ದಿನ ತಿಥಿ. ನಡುಮನೆಯಲ್ಲಿ ಫೋಟೊ ಇಟ್ಟು, ಬಾಳೆಲೆ ಹಾಕಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ಪದ್ಧತಿ. ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಹೋದವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತೆಗೆದು, ಎಡೆಗೆ ಕೈಮುಗಿದು, ನೆಂಟರಿಗೆ ಊಟ.

ಮುದ್ದೆ, ಹುರುಳಿಕಾಳು ಸಾರು, ಒಬ್ಬಟ್ಟು ನಾನು ಇಟ್ಟೆ. ಅತ್ತಿಗೆ ಬೀಡಿ ಕಟ್ಟು ಇಟ್ಟರು. ಭಾವ ಅಂಗಿ ಜೇಬಿನಿಂದ ಒಂದು ಕ್ವಾರ್ಟರ್ ಬ್ರಾಂದಿ ತೆಗೆದು ಇಟ್ಟರು. "ಅವನಿಗೆ ಇಷ್ಟವಾದದ್ದು ಯಾವುದೂ ತಪ್ಪಬಾರದು. ಆಸೆ ಇಟ್ಕಂಡು ಹೋಗಬಾರದು," ಎಂದು ಕಣ್ಣೊರೆಸಿಕೊಂಡರು.

ನಾನು ಹೋಗಿ ಟಿವಿ ಮೇಲಿದ್ದ ಬೆಡ್‌ಶೀಟ್ ಎಳೆದೆ.

"ಏಯ್, ಏನವ್ವಾ ಇದು?"

"ನೀವೇ ಹೇಳಿದ್ರಲ್ಲ ಭಾವ, ಯಾವುದೂ ತಪ್ಪಬಾರದು ಅಂತ. ಬ್ರಾಂದಿಗಿಲ್ಲದ ಮೈಲಿಗೆ ನಗೋದಕ್ಕೆ ಎಲ್ಲಿಂದ ಬಂತು? ಈ ಮನುಷ್ಯ ಬೀಡಿ ಬಿಟ್ಟು ಎಂಟು ವರ್ಷ ಆಗಿತ್ತು. ಇದನ್ನ ಒಂದು ದಿನಾನೂ ಬಿಟ್ಟಿರಲಿಲ್ಲ."

ಅವರಿಗೆ ತುಂಬ ಇಷ್ಟವಾಗಿದ್ದ ಆ ಪೋಸ್ಟ್‌ಮಾಸ್ಟರನ ಕಂತು ಹುಡುಕಿ ಹಚ್ಚಿದೆ. ಫೋಟೊವನ್ನು ತುಸು ತಿರುಗಿಸಿ ಟಿವಿ ಕಾಣುವಂತೆ ಇಟ್ಟೆ. ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ.

ಅಂಗಳದ ತುಂಬ ಜನ. ಒಂದು ನಿಮಿಷವಾಗಿರಬೇಕು, ಮುಚ್ಚಿದ ಬಾಗಿಲ ಹಿಂದಿನಿಂದ ಗೊಳ್ಳೆಂದು ನಗು. ಆ ಕಾಮಿಡಿಗಳಲ್ಲಿ ಶೂಟಿಂಗ್ ನೋಡಲು ಕೂತ ಜನರ ನಗುವನ್ನೂ ಸೇರಿಸಿರುತ್ತಾರೆ ಎಂದು ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. "ಶಿವನೇ!" ಎಂದು ಅತ್ತಿಗೆ ನನ್ನ ತೋಳು ಹಿಡಿದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಭಾವ ಗಂಟಲು ಸರಿಮಾಡಿಕೊಂಡು, "ಆಯ್ತು, ಉಂಡಿರ್ತಾನೆ. ಜನ ಹಸಿದವ್ರೆ," ಎಂದು ಬಾಗಿಲಿಗೆ ಕೈ ಹಾಕಿದರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಇನ್ನೂ ಹತ್ತು ನಿಮಿಷ ಇದೆ ಭಾವ. ಅವ್ರು ನೋಡ್ತಾ ಅವ್ರೆ. ಮುಗೀಲಿ."

ಭಾವ ನನ್ನ ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು. ಒಳಗೆ ಮತ್ತೆ ನಗು ಎದ್ದಿತು. ಸೆರಗು ಬಾಯಿಗೆ ಹಿಡಿಯದೆ, ಕಣ್ಣೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ನಾನೂ ಜೋರಾಗಿ ನಕ್ಕೆ. ಹತ್ತು ನಿಮಿಷ, ಅಷ್ಟೂ ನೆಂಟರು ಹಸಿದುಕೊಂಡು ಅಂಗಳದಲ್ಲಿ ನಿಂತಿದ್ದರು. ಯಾರೂ ಬಾಗಿಲು ಮುಟ್ಟಲಿಲ್ಲ.