ಮೊದಲ ಸಾಲಿನ ಕುರ್ಚಿ

ಕಳೆದ ವಾರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನಾನೂ ನನ್ನ ಹೆಂಡತಿಯೂ ಸರದಿ ಕಾಯುತ್ತಿದ್ದೆವು. ಗೋಡೆಯ ಟಿ.ವಿ.ಯಲ್ಲಿ ಮಧ್ಯಾಹ್ನದ ಧಾರಾವಾಹಿ. ಬಿಳಿ ಕೋಟಿನ ವೈದ್ಯನೊಬ್ಬ ಯಾರದೋ ಹಾಸಿಗೆಯ ಪಕ್ಕ ನಿಂತು ತಲೆಯಾಡಿಸುತ್ತಿದ್ದ. ನಾನು ಎದ್ದು, ಟಿ.ವಿ.ಗೆ ಬೆನ್ನು ಹಾಕಿ ಕೂತೆ. ಯಾಕೆಂದು ಅವಳು ಕೇಳಿದಳು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹಲ್ಲುನೋವಿನ ನಡುವೆ ಹೇಳಬೇಕಾಯಿತು. ನಿಮಗೂ ಹೇಳಿಬಿಡುತ್ತೇನೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಕನ ಗಂಡ ಅಮೆರಿಕದ ಸನ್ನಿವೇಲ್‌ನಲ್ಲಿ ಇಂಜಿನಿಯರು, ಅವರೇ ಕರೆಸಿಕೊಂಡರು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ರಿಪೇರಿ ಕೆಲಸ ಹಿಡಿದೆ. ನಲ್ಲಿ, ಬೀಗ, ಬಣ್ಣ, ಹೀಟರು. ನಾನು ಕೂರಿಸಿದ ನಲ್ಲಿ ಮತ್ತೆ ಸೋರಿದ್ದಿಲ್ಲ. ಇದು ಜಂಬ ಅಂದರೆ ಜಂಬವೇ.

ಮೂರನೇ ಮಹಡಿಯ ಎಡ್ವಿನ್ ಎಂಬ ನಟರ ಪರಿಚಯವಾದದ್ದೂ ನಲ್ಲಿಯಿಂದಲೇ. ಹರೆಯದಲ್ಲಿ ನಾಟಕದ ತಂಡಗಳ ಜೊತೆ ಊರೂರು ಸುತ್ತಿದವರು. ಆಮೇಲೆ ಹನ್ನೊಂದು ವರ್ಷ ಟಿ.ವಿ. ಧಾರಾವಾಹಿಯಲ್ಲಿ ವೈದ್ಯನ ಪಾತ್ರ. ಅಂಗಡಿಗೆ ಹೋದರೆ ಹೆಂಗಸರು ಮಗುವಿನ ಕೆಮ್ಮು ತೋರಿಸಿ ಔಷಧಿ ಕೇಳುತ್ತಿದ್ದರಂತೆ. ದಿನಕ್ಕೊಂದು ಸ್ಕ್ರಿಪ್ಟು, ಬೆಳಿಗ್ಗೆ ಬಾಯಿಪಾಠ, ಮಧ್ಯಾಹ್ನ ಶೂಟಿಂಗು, ಸಂಜೆಗೆ ಪೂರ್ತಿ ಮರೆಯಬೇಕು. ಇಲ್ಲವಾದರೆ ಮಾರನೇ ದಿನದ್ದು ತಲೆಗೆ ಹತ್ತುವುದಿಲ್ಲ. ಒಂದು ದಿನ ಕೈಗೆ ಬಂದ ಸ್ಕ್ರಿಪ್ಟಿನಲ್ಲಿ ವೈದ್ಯನ ಕಾರು ಕಣಿವೆಗೆ ಬಿದ್ದಿತ್ತು. ಕೆಲಸ ಹೋಯಿತೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹಾಳೆ ಓದಿ ತಿಳಿದುಕೊಂಡರು.

ನಾನು ಕಂಡಾಗ ಅವರಿಗೆ ಅರವತ್ತೈದು ದಾಟಿತ್ತು. ನೂರು ಜನವೂ ಹಿಡಿಸದ ಸಣ್ಣ ಥಿಯೇಟರೊಂದು ಅವರನ್ನು ತಂದೆಯ ಪಾತ್ರಕ್ಕೆ ಕರೆದಿತ್ತು. ಇದು ಕೈತಪ್ಪಿದರೆ ಇನ್ನು ಯಾರೂ ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಆದರೆ ಹನ್ನೊಂದು ವರ್ಷ ಮರೆತೂ ಮರೆತೂ ಪಳಗಿದ ತಲೆ. ಇಂದು ಕಲಿತದ್ದು ನಾಳೆಗೆ ಉಳಿಯುತ್ತಿರಲಿಲ್ಲ. ನಲ್ಲಿ ಬಿಗಿದು ಹೊರಟವನ ಕೈಗೆ ಪುಸ್ತಕ ಕೊಟ್ಟು, ಎದುರಿನ ಪಾತ್ರಗಳ ಮಾತು ಓದು ಅಂದರು.

ಕೆಲಸ ಮಾಡುತ್ತ ಕಲಿತ ಇಂಗ್ಲಿಷು, ಪದಗಳ ಕೆಳಗೆ ಬೆರಳಿಟ್ಟು ಓದಿದೆ. ಅವರು ನಗಲಿಲ್ಲ. ಎರಡು ತಿಂಗಳು ದಿನಾ ಊಟದ ಬಿಡುವಿನಲ್ಲಿ ಇದೇ ನಡೆಯಿತು. ನಡುವೆ ಅವರು ಸುಮ್ಮನಾದರೆ ನಾನು ಮುಂದಿನ ಮಾತು ಹೇಳಿಬಿಡುತ್ತಿದ್ದೆ. ಅದಕ್ಕೆ ಬೈದು ಒಂದು ಕಟ್ಟಳೆ ಮಾಡಿದರು.

“ಸುಮ್ಮನಿದ್ದರೆ ಅದು ನನ್ನ ನಟನೆ. ಕುರ್ಚಿಯ ಕೈ ಮೇಲೆ ಎರಡು ಸಲ ತಟ್ಟಿದರೆ ಮಾತ್ರ ಮರೆತಿದ್ದೇನೆ ಅಂತ. ಆಗ ಹೇಳು.”

ನಾಟಕದ ದಿನವೂ ಮೊದಲ ಸಾಲಿನಲ್ಲಿ ಕೂತಿರಬೇಕೆಂದು ಕೇಳಿಕೊಂಡರು. ಒಪ್ಪಿದೆ. ಅಷ್ಟು ಹೊತ್ತಿಗೆ ಇಡೀ ನಾಟಕ ನನಗೆ ಬಾಯಿಗೆ ಬಂದಿತ್ತು. ಹೆಮ್ಮೆಯಿಂದ ಭಾವನ ಮುಂದೆ ಹೇಳಿದರೆ ಅವರು ಊಟಕ್ಕೆ ಕೂತ ನೆಂಟರ ಕಡೆ ತಿರುಗಿ, “ಕೇಳ್ರಪ್ಪಾ, ನಮ್ಮ ನಾಕನೇ ಕ್ಲಾಸು ಅಮೆರಿಕದೋರಿಗೇ ಇಂಗ್ಲಿಷ್ ಹೇಳ್ಕೊಡ್ತಾವ್ನಂತೆ” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮೊದಲ ಪ್ರದರ್ಶನ ಒಂದು ಭಾನುವಾರ ಮಧ್ಯಾಹ್ನ. ಕೊನೆಯ ದೃಶ್ಯದಲ್ಲಿ ಮಗಳು ಕೇಳುತ್ತಾಳೆ, ತಂದೆಯ ಅಂಗಡಿಯನ್ನು ಏನು ಮಾಡಲಿ ಎಂದು. ಎಡ್ವಿನ್ ಸುಮ್ಮನಾದರು. ಎಷ್ಟು ಚೆನ್ನಾಗಿ ಸುಮ್ಮನಾದರು! ಆಮೇಲೆ ಬೆರಳು ಕುರ್ಚಿಯ ಕೈ ಮೇಲೆ ತಟ್ಟಿತು, ಎರಡು ಸಲ. ಕಣ್ಣು ನನ್ನನ್ನು ಹುಡುಕಿತು.

ಮಾತು ನಾಲಿಗೆಯ ಮೇಲೇ ಇತ್ತು. ಹಿಂದೆ ಅಷ್ಟೂ ಸಾಲು ಬಿಳಿಯರು, ಎಲ್ಲರೂ ಓದಿದವರು. ನನ್ನ ಇಂಗ್ಲಿಷ್ ಕೇಳಿ ಅವರು ನಗುವುದು ಆಗಲೇ ಕಿವಿಗೆ ಬಿದ್ದಂತಾಯಿತು. ಎಡ್ವಿನ್ ಮತ್ತೆರಡು ಸಲ ತಟ್ಟಿದರು. ನಾನು ತಲೆ ತಗ್ಗಿಸಿ ನನ್ನ ಬೂಟು ನೋಡಿಕೊಂಡೆ. ಮಗಳ ಪಾತ್ರದವಳು ಏನೇನೋ ಸೇರಿಸಿ ಹೇಗೋ ಮುಗಿಸಿದಳು. ಮುಂದಿನ ವಾರ ತಂದೆಯ ಪಾತ್ರಕ್ಕೆ ಬೇರೆಯವರು ಬಂದರು.

ನಾನು ತಟ್ಟಿದ್ದು ನಿನಗೆ ಕಾಣಲಿಲ್ಲವೇ ಎಂದು ಎಡ್ವಿನ್ ಒಮ್ಮೆ ಮಾತ್ರ ಕೇಳಿದರು. ಕಾಣಲಿಲ್ಲ ಅಂದೆ. ಬೆಳಕು ಸಾಲದಿತ್ತೇನೋ ಎಂದು ಅವರೇ ನನಗೊಂದು ನೆಪ ಹುಡುಕಿಕೊಟ್ಟರು. ಆ ಚಳಿಗಾಲ ಮನೆ ಖಾಲಿ ಮಾಡಿ ಹೋದರು. ಮುಂದೆ ಯಾವ ನಾಟಕದಲ್ಲೂ ಅವರ ಹೆಸರು ಕಾಣಲಿಲ್ಲ.

ಹೆಂಡತಿ ಕ್ಲಿನಿಕ್ಕಿನ ಟಿ.ವಿ.ಯ ಕಡೆ ಒಮ್ಮೆ ನೋಡಿದಳು. ಆಮೇಲೆ ಕೇಳಿದಳು, “ಆ ಮಾತು ಈಗ್ಲೂ ಗ್ಯಾಪ್ಕ ಐತಾ?”

“ಐತೆ.”

“ಹಂಗಾದ್ರೆ ಹೇಳಿ. ಗಟ್ಟಿಯಾಗೇ ಹೇಳಿ.”

ಹೇಳಿದೆ, ಇಂಗ್ಲಿಷಿನಲ್ಲೇ: ಅಂಗಡಿ ಮಾರಿಬಿಡು ಮಗಳೇ, ನಾನಿನ್ನು ವಾಪಸ್ಸು ಬರುವುದಿಲ್ಲ. ಕೌಂಟರಿನ ಹುಡುಗಿ ತಲೆಯೆತ್ತಿದಳು. ಎದುರಿನ ಮುದುಕ ಪತ್ರಿಕೆ ಇಳಿಸಿ ನನ್ನನ್ನೇ ನೋಡಿದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.