ಬಿಟ್ಟುಕೊಡುವ ಬಲೆ

ಬೆಳ್ಳಂಬೆಳಗ್ಗೆ ಹೊಸಪೇಟೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಹೊಳೆಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಏಣಿ ಹತ್ತಿ, ಕಬ್ಬಿಣದ ರಿಂಗಿಗೆ ಹೊಸ ಬಲೆ ಕಟ್ಟುತ್ತಿದ್ದಾರೆ. ಕೆಳಗೆ ಏಣಿ ಹಿಡಿದಿರುವ ಮೈದಾನದ ಮೇಲ್ವಿಚಾರಕ ಮಾಲತೇಶ್, "ಜಲ್ದಿ ಮಾಡಕ್ಕ, ಸಂಜಿಗೆ ಫೈನಲ್ ಐತಿ" ಅಂದರೆ, "ಅವಸರ ಮಾಡಬ್ಯಾಡ, ಸುಮ್ನ ಏಣಿ ಹಿಡ್ಕೊಳ್ಳೋ ತಮ್ಮಾ" ಎಂದು ಮೇಲಿನಿಂದಲೇ ಗದರುತ್ತಾರೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ತಂಡಗಳ ಈ ಮಹಿಳಾ ಲೀಗ್ ನೋಡುವವರಿಗೆ ಆಟಗಾರ್ತಿಯರ ಹೆಸರೆಲ್ಲ ಬಾಯಿಪಾಠ. ಬಲೆ ಹೆಣೆದವರ್ಯಾರು ಅಂತ ಕೇಳಿ ನೋಡಿ, ಅಂಗಡಿಯದು ಅಂದುಬಿಡುತ್ತಾರೆ! ಹೊಳೆಮ್ಮ ಬುಕ್ಕಸಾಗರದ ಮೀನುಗಾರರ ಮನೆಯವರು. ಅಂಗಡಿಯ ಬಲೆ ಬಿಸಿಲಿಗೆ ಬೇಗ ಹರಿಯುವುದರಿಂದ ಬೇಸತ್ತ ಮಾಲತೇಶ್, ಕೆಲ ವರ್ಷಗಳ ಹಿಂದೆ ಇವರನ್ನು ಹುಡುಕಿಕೊಂಡು ಹೋಗಿದ್ದರು.

ಮೊದಲ ಬಲೆ ನಗೆಪಾಟಲಾಯಿತು. ಅಭ್ಯಾಸಬಲದಿಂದ ತಳ ಬಿಗಿದುಬಿಟ್ಟಿದ್ದರು. ಒಳಗೆ ಬಿದ್ದ ಚೆಂಡು ಕೆಳಗೆ ಬರಲೇ ಇಲ್ಲ. "ಬಲ್ಯಾಗ ಬಿದ್ದದ್ದು ಹೊರಗ ಹೋಗಬಾರ್ದು ಅಂತ ಹೆಣಿಯೋರು ನಾವು. ಬಿದ್ದದ್ದನ್ನ ಬಿಡೋದು ಎಂಥಾ ಬಲೆ ರೀ?" ಎಂದು ಹೊಳೆಮ್ಮ ಈಗಲೂ ನಗುತ್ತಾರೆ.

ಅವತ್ತು ಕೋಲಿನಿಂದ ತಿವಿದು ಚೆಂಡು ಕೆಡವಿದವಳು, ದಾರದುಂಡೆ ಹಿಡಿದು ಜೊತೆಗೆ ಬಂದಿದ್ದ ಮಗಳು ಸುಕನ್ಯಾ. ಕೈಗೆ ಬಂದ ಚೆಂಡನ್ನು ಅವಳು ಮತ್ತೆ ಬಿಡಲೇ ಇಲ್ಲ. ಈಗ ಕಂಪ್ಲಿ ತಂಡದಲ್ಲಿದ್ದಾಳೆ. ಸೀಸನ್ ಶುರುವಾದಾಗಿನಿಂದ ತಂಡದ ಜೊತೆಯಲ್ಲೇ ವಾಸ. ಮನೆಯ ಕಡೆ ತಲೆ ಹಾಕಿಲ್ಲ. ಹೊಳೆಮ್ಮನೋ, ಮುಂಜಾನೆ ಬಲೆ ಕಟ್ಟಿ ಊರಿಗೆ ಹೊರಟುಬಿಡುತ್ತಾರೆ. ಪಂದ್ಯ ಸಂಜೆ, ಹರಿಗೋಲು ಹತ್ತಿ ಹೊಳೆಗೆ ಬಲೆ ಬಿಡುವುದೂ ಸಂಜೆಯೇ. ಹೀಗಾಗಿ ಮಗಳ ಆಟವನ್ನು ಒಮ್ಮೆಯೂ ಕಂಡಿಲ್ಲ.

"ಫೋನಿನ್ಯಾಗ ಮಾತಾಡ್ತಾಳ್ರಿ. ಮಾತು ಕೇಳಿದ್ರ ಮಾರಿ ನೋಡಬೇಕು ಅನಸ್ತೈತಿ, ಭಾಳ ಸಂಕಟ ಆಗತೈತಿ. ಆಕಿ ಒಗದ ಚೆಂಡು ಇದರಾಗ ಹಾದೇ ಬರೋದಲ್ಲ ಅಂತ, ಗಂಟು ಹಾಕೋ ಮುಂದ ಬಲೆ ಸವರಿ ಸವರಿ ನೋಡ್ತೀನಿ."

ಇವತ್ತು ಕಂಪ್ಲಿಗೂ ಸಂಡೂರಿಗೂ ಫೈನಲ್. ಹೊಳೆಮ್ಮ ಈ ಸಂಜೆ ಹೊಳೆಗಿಳಿಯುವುದಿಲ್ಲ, ಇಲ್ಲೇ ಕೂರುತ್ತಾರೆ. ಗೆದ್ದ ತಂಡ ಏಣಿ ಹತ್ತಿ ಬಲೆ ಕತ್ತರಿಸಿ, ತುಂಡು ತುಂಡಾಗಿ ಹಂಚಿಕೊಂಡು ಮನೆಗೆ ಒಯ್ಯುವುದು ಈ ಲೀಗಿನ ಪದ್ಧತಿ. ಹೋದ ವರ್ಷ ಈ ಸಂಗತಿ ತಿಳಿದ ದಿನ ಹೊಳೆಮ್ಮ ರಾತ್ರಿ ಊಟ ಬಿಟ್ಟಿದ್ದರಂತೆ. ಮೀನುಗಾರರ ಮನೆಯಲ್ಲಿ ಗಟ್ಟಿ ಬಲೆಗೆ ಕತ್ತರಿ ಹಾಕುವುದುಂಟೇ!

ಕೊನೆಯ ಗಂಟು ಬಿಗಿದು ಕೆಳಗಿಳಿದವರು, ಮೇಲೆ ನೋಡುತ್ತಾ ನಿಂತುಬಿಡುತ್ತಾರೆ.

"ಇದೊಂದು ಬಲೆ ನನ್ನ ಮಗಳ ಕೈಲೇ ತುಂಡಾಗ್ಲಿರಿ. ತುಂಡು ತಗೊಂಡು ಮನಿಗೆ ಬರ್ತಾಳಲ್ಲ."