‘ಅದು’ ಅಂದರೆ ಯಾವುದು?

ಗೋಕುಲ ರಸ್ತೆಯ ಕಚೇರಿಯಲ್ಲಿ ನಾವಿಬ್ಬರು ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟುತ್ತಿದ್ದೆವು. ಒಂದು ಹೆಸರು ಯಾವ ಟೈಪನ್ನು, ಅಂದರೆ ಸಂಖ್ಯೆಯನ್ನೋ ಅಕ್ಷರವನ್ನೋ, ಸೂಚಿಸುತ್ತದೆ ಎಂಬುದು ಪ್ರೋಗ್ರಾಂ ಓಡುವ ಮೊದಲೇ, ಕಂಪೈಲರ್ ಅದನ್ನು ಯಂತ್ರದ ಭಾಷೆಗೆ ತಿರುಗಿಸುವಾಗಲೇ ಇತ್ಯರ್ಥವಾಗಬೇಕೆಂದು ನನ್ನ ಹಟ. ಜೊತೆಗಾರನದು ಒಂದೇ ರಾಗ: “ಓಡೂವಾಗ ಗೊತ್ತಾಗತೈತಿ ಬಿಡ್ರಿ.”

“ಹಂಗಾರ ಕಂಪೈಲರ್ ಯಾಕ ಬೇಕ್ರಿ? ಕಿತ್ತು ಒಗೀರಿ!” ಎಂದು ರೇಗಿದೆ.

ಅಷ್ಟರಲ್ಲಿ ಅವ್ವನ ಫೋನ್ ಬಂತು. “ಬರೂವಾಗ ಅದನ್ನ ತಗೊಂಡ್ ಬಾ.”

“ಯಾವುದನ್ನ ಬೇ?”

“ಅದನ್ನೋ! ನಿನಗ ಗೊತ್ತೈತಲ್ಲ.” ಫೋನ್ ಇಟ್ಟೇಬಿಟ್ಟಳು.

ಮೊಸರಿರಬೇಕೆಂದು ಊಹಿಸಿ, ಅದನ್ನೇ ಕೊಂಡು ಬೈರಿದೇವರಕೊಪ್ಪದ ಮನೆಗೆ ಬಂದೆ. ಅವ್ವ ಚೀಲದೊಳಗೆ ಇಣುಕಿ ಹಣೆ ಚಚ್ಚಿಕೊಂಡಳು. “ಇದಲ್ಲೋ, ಚುರಮರಿ!”

ಅಂಗಡಿ ಮುಚ್ಚುವ ಹೊತ್ತಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಓಡಿದೆ. ಜೊತೆಗಾರ ಹೇಳಿದ್ದು ಖರೇ. ಓಡುವಾಗಲೇ ಗೊತ್ತಾಗುತ್ತದೆ.